ತಲೆದೆಸೆಯ ಗಿರಿಜಕ್ಕ

ನನ್ನ ಮೊದಲ ಬಾಣಂತನದಲ್ಲಿ ಗಿರಿಜಕ್ಕ ನನ್ನನ್ನು ಬೇಯಿಸಿದಳು. ಹನ್ನೆರಡು ವರ್ಷದಿಂದ ತಿಪಟೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದರೂ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಲಕ್ಕಿಸೊಪ್ಪು ಹಾಕಿ ಕುದಿಸಿದ ಎರಡು ಹಂಡೆ ನೀರು, ಒಂದು ಹಿತ್ತಾಳೆ ಚೊಂಬು, ಬಚ್ಚಲಿನ ಮೂಲೆಯಲ್ಲಿ ನಾನು. ನೀರು ಬೆನ್ನಿಗೆ ಬಿದ್ದು ನಾನು ಅರಚಿಕೊಂಡರೆ ಅವಳು ತನ್ನ ಅತ್ತೆ ತುರುವೇಕೆರೆ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳವಾಡಿದ ಕತೆ ತೆಗೆಯುತ್ತಿದ್ದಳು. ಅತ್ತೆ ಗೆಲ್ಲುವ ಹೊತ್ತಿಗೆ ಹಂಡೆ ಖಾಲಿಯಾಗಿರುತ್ತಿತ್ತು. ನಾನು ಕೂಗುವುದನ್ನು ಮರೆತಿರುತ್ತಿದ್ದೆ. ಆಮೇಲೆ ಸಾಂಬ್ರಾಣಿ ಹೊಗೆ, ಶುಂಠಿ ಹಿಪ್ಪಲಿಯ ಲೇಹ್ಯ, ಕಿವಿಗೆ ಹತ್ತಿ, ಸೊಂಟಕ್ಕೆ ಬಿಗಿಯಾಗಿ ಸೀರೆ ಕಟ್ಟು. ನಲವತ್ತು ದಿನ ಹೀಗೆಯೇ ನಡೆಯಿತು.

ಪೂರ್ತಿ ಹೆಸರು ಗಿರಿಜಾಂಬಿಕಾ. ಮನೆ ಅರಳಗುಪ್ಪೆಯ ಹತ್ತಿರ. ಗಂಡ ಹಾಲಸ್ವಾಮಿಗೆ ತೆಂಗಿನ ತೋಟ, ಮನೆಯ ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಹಾಕಿದ ಕಾಯಿ. ಹಾಲಸ್ವಾಮಿ ಮಾತು ಕಮ್ಮಿ ಮನುಷ್ಯ. ವರ್ಷವಿಡೀ ಅಟ್ಟದ ಮೇಲಿರುವ ಕಾಯಿ ಏನನ್ನೂ ಕೇಳುವುದಿಲ್ಲವಾದ್ದರಿಂದ ಅವನಿಗೆ ಅವುಗಳ ಸಹವಾಸವೇ ಹಿತ. ಆ ಮನೆಯ ಮಾತನ್ನೆಲ್ಲ ಅತ್ತೆ ಸೊಸೆ ಇಬ್ಬರೇ ಹಂಚಿಕೊಂಡಿದ್ದರು. ಬಾಣಂತನದ ಬೇರು, ನಾರು, ಸೊಪ್ಪಿನ ವಿದ್ಯೆಯೂ ಗಿರಿಜಕ್ಕನಿಗೆ ಅತ್ತೆ ಸಿದ್ಧಗಂಗಮ್ಮನಿಂದಲೇ ಬಂದದ್ದು.

ಸುತ್ತಿನ ಊರುಗಳಲ್ಲಿ ಬಸುರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವಳೂ ಅವಳೇ. ಆಟೊದಲ್ಲಿ ಕೈ ಹಿಡಿದು, ಸೊಂಟ ಉಜ್ಜಿ, ದಾರಿಯುದ್ದಕ್ಕೂ ಕತೆ ಹೇಳಿ, ಹೆರಿಗೆ ಕೋಣೆಯ ಬಾಗಿಲವರೆಗೆ ತಂದು ಬಿಡುತ್ತಿದ್ದಳು. ಅಲ್ಲಿಂದ ಮುಂದೆ ಅವಳಿಗೆ ಪ್ರವೇಶವಿರಲಿಲ್ಲ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅವಳು ಬಿಸಿನೀರಿನ ಫ್ಲಾಸ್ಕು ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಒಂಬತ್ತು ವರ್ಷ ಹೀಗೆ ಕೂತಳು. ಹೆರಿಗೆಯ ಹಿಂದಿನದೆಲ್ಲ ಗೊತ್ತು, ಮುಂದಿನದೆಲ್ಲ ಗೊತ್ತು, ನಡುವಿನದೊಂದನ್ನು ಮಾತ್ರ ಅವಳು ಕಂಡಿರಲಿಲ್ಲ. ಊರಿನವರು ಇದನ್ನು ನಂಬುತ್ತಿರಲಿಲ್ಲ, ಅವಳೂ ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

'ಆ ಬಾಗಿಲಾಚೆ ಏನ್ ನಡೀತದೆ ಅಂತ ನಾನು ನೋಡ್ಲೇಬೇಕು ಕಣ್ರೀ ಮೇಡಂ' ಎಂದು ನನ್ನ ಮಗುವಿಗೆ ಎಣ್ಣೆ ತಿಕ್ಕುತ್ತಾ ಅವಳು ಹೇಳಿದ್ದು ನನಗೆ ನೆನಪಿದೆ. ನಾನು ತಮಾಷೆಗೆ, 'ಹಾಗಾದ್ರೆ ನರ್ಸಮ್ಮನ ಟ್ರೈನಿಂಗ್ ಮಾಡಿಬಿಡಿ' ಎಂದೆ. ನನ್ನ ತಮಾಷೆಗಳನ್ನು ಜನ ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಅಪರೂಪ. ಅವಳು ಪಿಯುಸಿ ಪಾಸಾಗಿದ್ದಳು, ವಯಸ್ಸು ಮೂವತ್ಮೂರು, ಮೂವತ್ತೈದರವರೆಗೆ ಸೇರಿಸಿಕೊಳ್ಳುತ್ತಿದ್ದರು. ವಾರದೊಳಗೆ ಎ.ಎನ್.ಎಂ. ತರಬೇತಿಯ ಅರ್ಜಿ ಹಿಡಿದು ನನ್ನ ಮನೆ ಬಾಗಿಲಿಗೆ ಬಂದಳು. ಇಂಗ್ಲಿಷಿನಲ್ಲಿದ್ದ ಅರ್ಜಿಯನ್ನು ತುಂಬಿಕೊಟ್ಟವಳು ನಾನೇ.

ಸಿದ್ಧಗಂಗಮ್ಮ ಒಂದು ಷರತ್ತು ಹಾಕಿದರು. 'ಎರಡು ವರ್ಸ ಮನೆ, ದನ, ನಿನ್ನ ಗಂಡ ಎಲ್ಲಾನೂ ನಾನ್ ನೋಡ್ಕೊಂತೀನಿ. ಮೂರನೇ ವರ್ಸ ಅಂತ ಬಂದ್ಯೋ, ನನ್ ಸೊಂಟ ಆಗಲ್ಲ ಅಂತದೆ. ಪಾಸಾದ್ರೆ ಪಾಸು, ಇಲ್ಲಾಂದ್ರೆ ಚೊಂಬು ಹಿಡ್ಕೊಂಡು ಮತ್ತೆ ಬಚ್ಚಲಿಗೆ.' ಗಿರಿಜಕ್ಕ ಒಪ್ಪಿಕೊಂಡಳು.

ತರಗತಿಯಲ್ಲಿ ಎಲ್ಲರೂ ಹದಿನೆಂಟರ ಆಸುಪಾಸಿನ ಹುಡುಗಿಯರು. ಪಕ್ಕದಲ್ಲಿ ಕೂತವಳು ಆಸ್ಫಿಯಾ, ತಿಪಟೂರಿನ ಟೈಲರ್ ಒಬ್ಬರ ಮಗಳು. ಯಾರಾದರೂ ಅತ್ತರೆ ತಾನೂ ಅಳುವ ಜಾತಿಯ ಹುಡುಗಿ. ಮೊದಲ ಕಿರುಪರೀಕ್ಷೆಯಲ್ಲಿ 'ಹೆರಿಗೆಯ ನಂತರ ತಾಯಿಯ ಆರೈಕೆ ವಿವರಿಸಿ' ಎಂಬ ಪ್ರಶ್ನೆ ಬಂತು. ಗಿರಿಜಕ್ಕ ಹೆಚ್ಚುವರಿ ಹಾಳೆ ಕೇಳಿ ಏಳು ಪುಟ ಬರೆದಳು. ಸಬ್ಬಸಿಗೆ ಸೊಪ್ಪನ್ನು ಎಳೆಯದೇ ಯಾಕೆ ತರಬೇಕು, ಹಂಡೆಗೆ ಯಾವ ಸೌದೆ ಹಾಕಬೇಕು, ನೋಡಲು ಬಂದ ನೆಂಟರನ್ನು ಬೇಸರವಾಗದಂತೆ ಹೇಗೆ ಎಬ್ಬಿಸಿ ಕಳಿಸಬೇಕು, ಎಲ್ಲವೂ ಅದರಲ್ಲಿತ್ತು. ರಕ್ತಸ್ರಾವ, ನಾಡಿ, ಜ್ವರ ಇವು ಇರಲಿಲ್ಲ. ಹತ್ತಕ್ಕೆ ಎರಡು ಬಂತು. ಪಾಠ ಮಾಡುವ ಮೇಡಂ ಮಾತ್ರ ನೆಂಟರ ಪುಟವನ್ನು ಫೋಟೊ ತೆಗೆದುಕೊಂಡರಂತೆ.

ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ಎಂದು ಹೇಳುವ ಪಾಠ ಬಂದಾಗ ಅವಳು ಮನೆಯಲ್ಲೇ ಅಭ್ಯಾಸ ಮಾಡಲು ಹೊರಟಳು. ಒಂದು ಹಳೇ ದಿಂಬು ಬಿಚ್ಚಿ, ಮಗುವಿನ ಬೆನ್ನಿಗೆಂದು ಸುತ್ತಿದ ಟವೆಲ್, ಕೈಕಾಲಿಗೆಂದು ನಾಲ್ಕು ಮೂಲಂಗಿ, ತಲೆಗೆಂದು ಸುಲಿದ ತೆಂಗಿನಕಾಯಿ ಇಟ್ಟು ಹೊಲಿದಳು. ದಿಂಬನ್ನು ಹೊಟ್ಟೆಗೆ ಕಟ್ಟಿಸಿಕೊಂಡು ಜಗಲಿಯ ಮಂಚದ ಮೇಲೆ ಮಲಗುವವರು ಸಿದ್ಧಗಂಗಮ್ಮ. ಕಣ್ಣು ಮುಚ್ಚಿ ಒತ್ತಿ ನೋಡುವವಳು ಸೊಸೆ. ಆದರೆ ಮೊದಲ ದಿನವೇ ತಕರಾರು ಎದ್ದಿತು.

'ಕಾಯಿನ ಕಾಲ್ ಕಡೆ ಇಟ್ಟೀಯೇನೇ? ದೇವ್ರಿಗೆ ಒಡಿಯೋ ಕಾಯಿ ಅದು' ಎಂದರು ಅತ್ತೆ.

'ಅತ್ತೆ, ಹುಟ್ಟೋ ಮಗುಗೆ ತಲೆ ಕೆಳಗೇ ಇರ್ಬೇಕು.'

'ಮಗುಗೆ ಇರ್ಲಿ ಬುಡು. ಕಾಯಿಗೆ ಬ್ಯಾಡ. ಎದೆ ಹತ್ರ ಇಡು, ಇಲ್ಲಾಂದ್ರೆ ನಾನ್ ಎದ್ದೋಯ್ತೀನಿ.'

ಅತ್ತೆ ಎದ್ದು ಹೋದರೆ ಮಲಗಲು ಬೇರೆ ಯಾರೂ ಇರಲಿಲ್ಲ. ಹಾಲಸ್ವಾಮಿಯನ್ನು ಕೇಳಿದ್ದಕ್ಕೆ ಅವನು ಅಟ್ಟ ಹತ್ತಿ ಕೂತಿದ್ದ. ಹೀಗಾಗಿ ದಿಂಬು ಮೇಲುಕೆಳಗಾಯಿತು. ಮೂರು ತಿಂಗಳು, ದಿನಾ ಸಂಜೆ, ಗಿರಿಜಕ್ಕನ ಬೆರಳುಗಳು ಮೇಲೆ ಗಟ್ಟಿಯಾದ ತಲೆಯನ್ನೂ ಕೆಳಗೆ ಮೆತ್ತನೆಯ ಟವೆಲ್ಲನ್ನೂ ಹುಡುಕಿ ಹುಡುಕಿ ಪಳಗಿದವು.

ಈ ಮಧ್ಯೆ ಪಕ್ಕದ ಮನೆಯ ರಾಮಕ್ಕ ಹಾಲಿಗೆ ಹೆಪ್ಪು ಕೇಳಲು ಬಂದವರು ಗೇಟಿನಲ್ಲೇ ನಿಂತು, ಅರವತ್ತೊಂದು ವರ್ಷದ ಸಿದ್ಧಗಂಗಮ್ಮ ದೊಡ್ಡ ಹೊಟ್ಟೆ ಹೊತ್ತು ಮಲಗಿರುವುದನ್ನೂ ಸೊಸೆ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿರುವುದನ್ನೂ ಕಂಡು, ಹೆಪ್ಪು ಕೇಳದೆ ವಾಪಸ್ ಹೋದರು. ಮೂರನೇ ದಿನ ಅಭ್ಯಾಸದ ಹೊತ್ತಿಗೇ ಆಶಾ ಕಾರ್ಯಕರ್ತೆ ಅನಿತಾ ರಿಜಿಸ್ಟರ್ ಹಿಡಿದು ಬಂದಳು. ಊರಿನಲ್ಲಿ ಯಾವ ಬಸುರಿಯ ಹೆಸರೂ ಬಿಟ್ಟುಹೋಗಬಾರದೆಂದು ಮೇಲಿನವರ ಅಪ್ಪಣೆಯಿತ್ತು.

'ಅಜ್ಜಿ, ಕೊನೇ ಸಲ ಮುಟ್ಟಾಗಿದ್ದು ಯಾವಾಗ?' ಎಂದು ಅವಳು ನೆಲ ನೋಡುತ್ತಾ ಕೇಳಿದಳು.

ಸಿದ್ಧಗಂಗಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. 'ನಮ್ ಹಾಲಸ್ವಾಮಿ ಮದ್ವೆ ಆತಲ್ಲ, ಅದ್ರ ಹಿಂದಿನ ವರ್ಸ.'

ಅನಿತಾ ಅದನ್ನು ಬರೆಯಲು ಹೋಗಿ ಅರ್ಧಕ್ಕೆ ಪೆನ್ನು ನಿಲ್ಲಿಸಿದಳು. ಒಳಗಿನಿಂದ ಹಾಲಸ್ವಾಮಿ ಬಂದು ಅಮ್ಮನ ಹೊಟ್ಟೆಯ ಮೇಲೆ ಕಣ್ಣಿಟ್ಟು, 'ಆ ಕಾಯಿ ನಾಳೆ ಚಟ್ನಿಗೆ ಬೇಕು' ಎಂದು ಹೇಳಿ ಹೋದ. ವಿಷಯ ತಿಳಿದ ಮೇಲೆ ಅನಿತಾ ಜಗಲಿಯಲ್ಲೇ ಕೂತು ನಕ್ಕಳು. ಹೋಗುವಾಗ ತಂದಿದ್ದ ಕಬ್ಬಿಣಾಂಶದ ಮಾತ್ರೆಗಳನ್ನು ತಿರುಗಿ ಒಯ್ಯಲು ಸಿದ್ಧಗಂಗಮ್ಮ ಬಿಡಲಿಲ್ಲ. ಮನೆವರೆಗೂ ಬಂದದ್ದು ತಮಗೇ ಸೇರಬೇಕೆಂಬುದು ಅವರ ವಾದ.

ನಿಜವಾದ ಪೆಟ್ಟು ಬಿದ್ದದ್ದು ಆಸ್ಪತ್ರೆಯಲ್ಲಿ. ವಿದ್ಯಾರ್ಥಿನಿಯರನ್ನು ನೋಡಿಕೊಳ್ಳಲು ಅಲ್ಲಿ ಜೈನಾಬ್ ಬೀ ಎಂಬ ಹಿರಿಯ ಸಿಸ್ಟರ್ ಇದ್ದರು. ಇಪ್ಪತ್ತೊಂಬತ್ತು ವರ್ಷದ ಸರ್ವೀಸು, ಸಾವಿರಾರು ಹೆರಿಗೆ ಕಂಡ ಕೈ. ನಗು ಮಾತ್ರ ಯಾರೂ ಕಂಡಿರಲಿಲ್ಲ. ಬಸುರಿಯರ ತಪಾಸಣೆಯ ದಿನ ಅವರು ಗಿರಿಜಕ್ಕನಿಗೆ ಒಬ್ಬ ಹೆಂಗಸನ್ನು ತೋರಿಸಿ, 'ಮಗು ಹೇಗಿದೆ ನೋಡಿ ಹೇಳು' ಎಂದರು. ಗಿರಿಜಕ್ಕ ಕಣ್ಣು ಮುಚ್ಚಿ ಕೈಯಿಟ್ಟಳು. ಮೇಲೆ ಮೆತ್ತಗೆ, ಕೆಳಗೆ ಗಟ್ಟಿ. ಅವಳ ಮುಖ ಬಿಳುಚಿಕೊಂಡಿತು.

'ಅಯ್ಯೋ ತಾಯಿ, ಮಗು ತಲೆಕೆಳಗಾಗ್ಬುಟ್ಟೈತೆ' ಎಂದಳು.

ಹೊರಗೆ ನಿಂತಿದ್ದ ಆ ಹೆಂಗಸಿನ ಅತ್ತೆ ಅಲ್ಲೇ ಕುಸಿದು ಕೂತು ಮನೆದೇವರಿಗೆ ನೂರೊಂದು ಕಾಯಿ ಹರಕೆ ಹೊತ್ತರು. ಬಸುರಿ ಅತ್ತಳು, ಆಸ್ಫಿಯಾ ಅವಳಿಗಿಂತ ಹೆಚ್ಚು ಅತ್ತಳು. ಜೈನಾಬ್ ಬೀ ಬಂದು ಒಂದು ಸಲ ಮುಟ್ಟಿ ನೋಡಿ ಗಿರಿಜಕ್ಕನ ಕಡೆ ತಿರುಗಿದರು.

'ಕೆಳಗೇ ಇರಬೇಕಲ್ಲಮ್ಮ ತಲೆ. ಮೇಲಿದ್ರೆ ಎಲ್ಲಿಂದ ಬರತ್ತೆ, ಬಾಯಿಂದನಾ?'

ಅವಳ ಬುದ್ಧಿಗೆ ಇದು ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ತೆಂಗಿನಕಾಯಿ, ಅತ್ತೆ, ದೇವರು ಎಂದು ವಿವರಿಸಲು ಹೋದಷ್ಟೂ ಸಿಸ್ಟರ್ ಮುಖ ಇನ್ನಷ್ಟು ಬಿಗಿಯಾಯಿತು. ಹರಕೆ ಹೊತ್ತ ಅತ್ತೆಗೂ ಸಿಟ್ಟು ಬಂದಿತ್ತು, ನೂರೊಂದು ಕಾಯಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. 'ಇನ್ಮೇಲೆ ಹೆರಿಗೆ ರೂಮಲ್ಲಿ ನೀನು ತಲೆ ಹತ್ರ ನಿಂತ್ಕೋ. ಕಾಲ ಹತ್ರ ಬರಬೇಡ. ಬೆವರು ಒರೆಸು, ಕೈ ಹಿಡ್ಕೋ, ಸಾಕು' ಎಂದು ಜೈನಾಬ್ ಬೀ ಆಜ್ಞೆ ಮಾಡಿದರು.

ಹೀಗೆ ಒಂಬತ್ತು ವರ್ಷ ಕಾದ ಬಾಗಿಲು ತೆರೆದು ಒಳಗೆ ಹೋದರೂ ಗಿರಿಜಕ್ಕ ಮಂಚದ ತಲೆದೆಸೆಯಲ್ಲೇ ಉಳಿದಳು. ಅಲ್ಲಿ ಅವಳಿಗೆ ಬರುವ ಕೆಲಸವೇ ಇತ್ತು. ಕೈ ಹಿಡಿದಳು, ಸೊಂಟ ಉಜ್ಜಿದಳು, ಅತ್ತೆಯ ಕತೆ ಹೇಳಿದಳು. ಅನಿತಾ ಅತ್ತೆಯ ಹೆಸರನ್ನು ಗರ್ಭಿಣಿ ಎಂದು ಬರೆದುಕೊಳ್ಳಲು ಬಂದ ಕತೆಗೆ ನೋವಿನಲ್ಲೂ ನಗದ ಹೆಂಗಸೇ ಇರಲಿಲ್ಲ. ಹೆರಿಗೆ ಕೋಣೆಯೊಳಗಿಂದ ನಗುವಿನ ಸದ್ದು ಬಂದಾಗ ಹೊರಗೆ ಬೆಂಚಿನಲ್ಲಿದ್ದ ಗಂಡಂದಿರು ಮುಖಮುಖ ನೋಡಿಕೊಳ್ಳುತ್ತಿದ್ದರಂತೆ. ನಾಲ್ಕೈದು ತಿಂಗಳಲ್ಲಿ ಸುದ್ದಿ ಹರಡಿತು. ಬರುವವರೆಲ್ಲ ಗೇಟಿನಲ್ಲೇ 'ತಲೆ ಹತ್ರ ನಿಲ್ಲೋ ಅಕ್ಕ ಅವ್ರಾ?' ಎಂದು ಕೇಳತೊಡಗಿದರು.

ವರ್ಷ ಕಳೆಯುವುದರೊಳಗೆ ಅವಳ ಕೈ ಸರಿಹೋಯಿತು. ಜೈನಾಬ್ ಬೀ ಎಂಟು ಹೆಂಗಸರ ಹೊಟ್ಟೆ ಮುಟ್ಟಿಸಿ ಪರೀಕ್ಷಿಸಿದರು, ಎಂಟೂ ಸರಿ ಹೇಳಿದಳು. ಕಾಲ ಹತ್ತಿರ ಬರಲು ಅಪ್ಪಣೆಯೂ ಸಿಕ್ಕಿತು. ಆದರೆ ಹೆರುವವರು ಬಿಡಬೇಕಲ್ಲ. ನೋವು ಹೆಚ್ಚಾದ ಕೂಡಲೇ ಅವಳ ಕೈಯನ್ನು ಎರಡೂ ಕೈಯಿಂದ ಹಿಡಿದು, 'ಅಕ್ಕ, ಇಲ್ಲೇ ಇರು' ಎನ್ನುತ್ತಿದ್ದರು. ಅತ್ತ ಮಗುವನ್ನು ಬೇರೆ ಯಾರೋ ಹಿಡಿಯುತ್ತಿದ್ದರು. ಅವಳ ಮಣಿಕಟ್ಟಿನ ತುಂಬ ಉಗುರಿನ ಗುರುತು.

ತರಬೇತಿಯ ಪುಸ್ತಕದಲ್ಲಿ ಎರಡು ಅಂಕಣಗಳಿದ್ದವು: 'ಹೆರಿಗೆ ಮಾಡಿಸಿದವರು', 'ಸಹಾಯ ಮಾಡಿದವರು'. ಮೊದಲನೆಯದರಲ್ಲಿ ವಿದ್ಯಾರ್ಥಿನಿಯ ಹೆಸರು ಹತ್ತು ಸಲ ಬಾರದೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನವರು ಹೇಳಿದ್ದರು. ಪರೀಕ್ಷೆಗೆ ಎರಡು ತಿಂಗಳಿರುವಾಗ ಗಿರಿಜಕ್ಕನ ಹೆಸರು ಎರಡನೆಯ ಅಂಕಣದಲ್ಲಿ ನಲವತ್ಮೂರು ಸಲ ಇತ್ತು. ಮೊದಲನೆಯದು ಖಾಲಿ. ಆಸ್ಫಿಯಾಳಿಗೆ ಹತ್ತು ಆಗಿ ಮೇಲೆ ಆರು ಹೆಚ್ಚಾಗಿತ್ತು, ಅಳುತ್ತಲೇ ಮಾಡಿಸಿದ್ದಳು. ಸಂಜೆ ಮನೆಗೆ ಹೋದಾಗಲೆಲ್ಲ ಸಿದ್ಧಗಂಗಮ್ಮ ತಮ್ಮ ಸೊಂಟದ ಸಮಾಚಾರ ಹೇಳುತ್ತಿದ್ದರು.

ಗಿರಿಜಕ್ಕ ಮೊದಲು ಬಾಯಿ ಮುಚ್ಚಿ ನೋಡಿದಳು. ಮುಖಕ್ಕೆ ಮಾಸ್ಕ್ ಕಟ್ಟಿ, ತುಟಿ ಬಿಚ್ಚದೆ ನೇರವಾಗಿ ಕಾಲ ಕಡೆ ಹೋಗಿ ನಿಂತಳು. ಹೀಗೆ ನಾಲ್ಕು ಹೆರಿಗೆ ಆದವು. ಪಕ್ಕದಲ್ಲಿ ಜೈನಾಬ್ ಬೀ ನಿಂತು ಹೇಳಿಕೊಟ್ಟರು, ಇವಳು ಮಾಡಿದಳು. ಐದನೆಯ ಸಲ ತಡೆಯಲಾಗದೆ 'ಉಸಿರು ಬುಡವ್ವ' ಎಂದುಬಿಟ್ಟಳು. ದನಿ ಗುರುತು ಹತ್ತಿತು, ಕೈ ಸೆರೆಯಾಯಿತು.

ಆಮೇಲಿನ ಉಪಾಯ ಆಸ್ಫಿಯಾಳದು. ಗಿರಿಜಕ್ಕನ ಮಾತನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ದಿಂಬಿನ ಪಕ್ಕ ಇಟ್ಟರೆ ಸಾಕಲ್ಲ ಎಂದಳು. ಮೊಬೈಲು ಅತ್ತೆಯ ಕತೆ ಹೇಳುತ್ತಿತ್ತು, ಆಸ್ಫಿಯಾ ಕೈ ಕೊಟ್ಟು ಅಳುತ್ತಿದ್ದಳು, ಗಿರಿಜಕ್ಕ ಕಾಲ ಕಡೆ ಕೆಲಸ ಮಾಡುತ್ತಿದ್ದಳು. ಇನ್ನೂ ನಾಲ್ಕು ಆದವು. ಒಂಬತ್ತನೆಯದರಲ್ಲಿ, ಕಂಡಕ್ಟರನ ಕತೆ ಅರ್ಧದಲ್ಲಿರುವಾಗ, ಫೋನು ಬಂತು. ಹೆರುತ್ತಿದ್ದ ಹೆಂಗಸು ಕೈ ಬೀಸಿದ ರಭಸಕ್ಕೆ ಅದು ತೆರೆದುಕೊಂಡಿತು. ಸ್ಪೀಕರಿನಲ್ಲಿ ಹಾಲಸ್ವಾಮಿ.

'ಲೇ ಗಿರಿಜಾ, ಅಟ್ಟದ ಬೀಗದ್ ಕೈ ಎಲ್ಲೈತೆ? ಕಾಯಿ ಸುಲಿಯೋರು ಬಂದು ಕುಂತವ್ರೆ.'

'ನಿಮ್ ಬೀಗದ್ ಕೈ ನನ್ಗೇನ್ರೀ ಗೊತ್ತು? ನಾನಿಲ್ಲಿ ಹೆರ್ತಾ ಇವ್ನಿ' ಎಂದು ಆ ಹೆಂಗಸು ಕಿರುಚಿದಳು.

ಹಾಲಸ್ವಾಮಿ ಬಹಳ ಮರ್ಯಾದೆಯಿಂದ, 'ಆಗ್ಲಿ ತಾಯಿ, ನಿಧಾನಕ್ಕೆ ಹೆರಿ. ಆಮ್ಯಾಕೆ ಮಾಡ್ತೀನಿ' ಎಂದ. ಮಗುವಿನ ತಲೆ ಕೈಗೆ ಬರುತ್ತಿದ್ದ ಗಿರಿಜಕ್ಕ ಅಲ್ಲಿಂದಲೇ, 'ದೇವ್ರ ಗೂಡಲ್ಲೈತೆ ಕಣ್ರೀ' ಎಂದಳು. ಒಂಬತ್ತನೆಯ ಮಗು ಹೀಗೆ ಹುಟ್ಟಿತು. ಜೈನಾಬ್ ಬೀ ಮೊಬೈಲನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇನ್ನು ಮುಂದೆ ಒಳಗೆ ಯಾವ ಫೋನೂ ಬರಕೂಡದೆಂದು ಗೋಡೆಗೆ ಚೀಟಿಯನ್ನೂ ಅಂಟಿಸಿದರು.

ಉಳಿದದ್ದು ಒಂದು. ಅದಕ್ಕೆ ಹನ್ನೊಂದು ದಿನ. ಆ ಹನ್ನೊಂದರಲ್ಲಿ ಬಂದವರಿಗೆಲ್ಲ ಗಿರಿಜಕ್ಕನ ಕೈಯೇ ಬೇಕಾಯಿತು. ಅವಳು ನನಗೆ ಫೋನು ಮಾಡಿ ಅತ್ತಳು. ನನ್ನನ್ನು ಕುದಿಯುವ ನೀರಿನಲ್ಲಿ ನಗಿಸಿದವಳು ಅಳುವುದನ್ನು ಕೇಳಲು ನನಗೆ ಆಗಲಿಲ್ಲ. ಅರ್ಜಿ ತುಂಬಿಕೊಟ್ಟ ನನ್ನ ಮೇಲೇ ನನಗೆ ಸಿಟ್ಟು ಬಂತು. 'ಕೈ ಕೊಡಬೇಡಿ, ಜೇಬಲ್ಲಿ ಇಟ್ಕೊಳ್ಳಿ' ಎಂದೆ. 'ಹೆಂಗ್ ಮೇಡಂ ಆಯ್ತದೆ' ಎಂದಳು.

ಪುಸ್ತಕ ಒಪ್ಪಿಸುವ ಕೊನೆಯ ದಿನ ಶನಿವಾರ, ಸಂಜೆ ಐದರೊಳಗೆ. ಬೆಳಿಗ್ಗೆ ಹತ್ತಕ್ಕೆ ಹಂದನಕೆರೆಯಿಂದ ಶಿಲ್ಪ ಎಂಬುವವಳು ಬಂದಳು. ಎರಡನೆಯ ಹೆರಿಗೆ, ನೋವು ಜೋರಾಗಿತ್ತು. ಅವಳ ಅಕ್ಕನ ಬಾಣಂತನ ಮಾಡಿದವಳು ಗಿರಿಜಕ್ಕನೇ. ಹಾಗಾಗಿ ಆಟೊದಿಂದ ಇಳಿಯುವಾಗಲೇ ಅವಳ ಕೈ ಹಿಡಿದವಳು ಬಿಡಲೇ ಇಲ್ಲ. ಮುಂದಿನದನ್ನು ನನಗೆ ಹೇಳಿದವಳು ಆಸ್ಫಿಯಾ. ಗಿರಿಜಕ್ಕ ಹೇಳಿದ್ದರೆ ನಾನು ಅರ್ಧ ಕಳೆದು ನಂಬುತ್ತಿದ್ದೆ.

ಹೆರಿಗೆ ಕೋಣೆಯಲ್ಲಿ ಡಾಕ್ಟರಮ್ಮ ಒಂದು ಬದಿಗೆ ನಿಂತಿದ್ದರು, ಜೈನಾಬ್ ಬೀ ಕಾಲ ಕಡೆ. ಗಿರಿಜಕ್ಕ ಒಂದು ಸಲ ಕೈ ಬಿಡಿಸಿಕೊಳ್ಳಲು ನೋಡಿದಳು. ಶಿಲ್ಪ, 'ಅಕ್ಕ, ನೀನು ಹೋದ್ರೆ ನಂಗಾಗಲ್ಲ' ಎಂದಳು. ಆಸ್ಫಿಯಾ ತನ್ನ ಕೈ ಚಾಚಿದಳು, ಶಿಲ್ಪ ಅದನ್ನು ತಳ್ಳಿದಳು. ಇನ್ನು ಹೆಚ್ಚು ಹೊತ್ತಿರಲಿಲ್ಲ. ಗಿರಿಜಕ್ಕ ಗಡಿಯಾರ ನೋಡಿದಳು, ಶಿಲ್ಪಳ ಮುಖ ನೋಡಿದಳು.

'ನೀವೇ ಮಾಡ್ಸಿ ಸಿಸ್ಟರ್' ಎಂದಳು. 'ನಂದು ಹೋಯ್ತು ಬುಡಿ. ಇವ್ಳ ಕೈ ಬುಡಿಸ್ಕೊಂಡು ನಾನೇನ್ ನರ್ಸಾಗ್ಲಿ.'

ಜೈನಾಬ್ ಬೀ ಮಂಚವನ್ನು ಸುತ್ತಿ ಬಂದರು. ಶಿಲ್ಪಳ ಬೆರಳುಗಳನ್ನು ಗಿರಿಜಕ್ಕನ ಮಣಿಕಟ್ಟಿನಿಂದ ಒಂದೊಂದಾಗಿ ಬಿಡಿಸಿ, ಆ ಜಾಗದಲ್ಲಿ ತಮ್ಮ ಕೈಯಿಟ್ಟರು. 'ಹೋಗು ಕೆಳಗೆ' ಎಂದರು. ಶಿಲ್ಪ ಬೆದರಿ ಅವರ ಮುಖ ನೋಡಿದಳು. ಏನಾದರೂ ಮಾತಾಡಬೇಕಿತ್ತು. ಇಪ್ಪತ್ತೊಂಬತ್ತು ವರ್ಷ 'ಕೂಗಬೇಡ' ಎನ್ನುವುದನ್ನು ಬಿಟ್ಟು ಅಲ್ಲಿ ಬೇರೆ ಮಾತಾಡದವರು ಗಂಟಲು ಸರಿಮಾಡಿಕೊಂಡರು.

'ನಮ್ಮ ಮನೆಯವರು ಅಕ್ಬರ್ ಪಾಷಾ, ಮೆಕ್ಯಾನಿಕ್ಕು' ಎಂದು ಹಾಜರಿ ಕರೆಯುವ ದನಿಯಲ್ಲಿ ಶುರು ಮಾಡಿದರು. 'ಊರಿನ ಗಾಡಿ ಎಲ್ಲ ರಿಪೇರಿ ಮಾಡ್ತಾರೆ. ನನ್ನ ಸ್ಕೂಟಿ ಮಾತ್ರ ಆರು ತಿಂಗಳಿಂದ ಸ್ಟಾರ್ಟ್ ಆಗಲ್ಲ.'

ಶಿಲ್ಪ ಒಂದು ನೋವು ನುಂಗಿ, 'ಯಾಕೆ ಸಿಸ್ಟರ್?' ಎಂದಳು.

'ಕೇಳಿದ್ರೆ ನಾಳೆ ಅಂತಾರೆ. ಇವತ್ತು ಬೆಳಿಗ್ಗೆ ನಾನೇ ತಳ್ಕೊಂಡು ಅವರ ಗ್ಯಾರೇಜಿಗೆ ಹೋಗಿ ಲೈನಲ್ಲಿ ನಿಂತೆ. ಬುರ್ಖಾ ಹಾಕಿದ್ದೆ, ಗುರುತು ಸಿಗಲಿಲ್ಲ. ಟೋಕನ್ ಕೊಟ್ಟರು. ಸಂಜೆ ಬನ್ನಿ ಮೇಡಂ ಅಂದ್ರು.'

ಶಿಲ್ಪ ನಕ್ಕಳು. ಡಾಕ್ಟರಮ್ಮನೂ ನಕ್ಕರು. ಆ ನಗುವಿನ ಹಿಂದೆಯೇ ದೊಡ್ಡ ನೋವು ಬಂತು. ಶಿಲ್ಪ ಸಿಸ್ಟರ್ ಬೆರಳುಗಳನ್ನು ಹಿಡಿದು ಹಿಂಡಿದಳು. ಜೈನಾಬ್ ಬೀ 'ಯಾ ಅಲ್ಲಾ' ಎಂದು ಅವಳಿಗಿಂತ ಗಟ್ಟಿಯಾಗಿ ಕೂಗಿದರು. ಮಗು ಗಿರಿಜಕ್ಕನ ಕೈಗೆ ಬಂತು. ಹೆಣ್ಣು ಮಗು, ಹನ್ನೆರಡು ಗಂಟೆ ಹತ್ತು ನಿಮಿಷ, ಒಳ್ಳೇ ಅಳು. ಅದನ್ನು ತಾಯಿಯ ಎದೆಯ ಮೇಲಿಟ್ಟು ಗಿರಿಜಕ್ಕನೂ ಅತ್ತಳು, ಆಸ್ಫಿಯಾಳಂತೂ ಸರಿಯೇ.

ಮೂರು ಗಂಟೆಗೆ ಪುಸ್ತಕ ತೆರೆದರು. 'ಹೆರಿಗೆ ಮಾಡಿಸಿದವರು' ಎಂಬಲ್ಲಿ ಗಿರಿಜಕ್ಕ ಹತ್ತನೆಯ ಸಲ ತನ್ನ ಹೆಸರು ಬರೆದಳು. ಪಕ್ಕದ ಅಂಕಣದಲ್ಲಿ ಆಸ್ಫಿಯಾಳ ಹೆಸರು ಬರೆಯಲು ಹೊರಟಾಗ ಜೈನಾಬ್ ಬೀ ತಡೆದರು. ಪುಸ್ತಕವನ್ನು ತಮ್ಮತ್ತ ಎಳೆದುಕೊಂಡು, ಊದಿದ ಬೆರಳುಗಳಲ್ಲಿ ಪೆನ್ನು ನಿಲ್ಲದೆ ಎರಡು ಸಲ ಜಾರಿದರೂ, 'ಸಹಾಯ ಮಾಡಿದವರು' ಎಂಬುದರ ಕೆಳಗೆ ತಮ್ಮ ಹೆಸರನ್ನು ತಾವೇ ಬರೆದರು.

'ಅಯ್ಯೋ ಸಿಸ್ಟರ್, ನೀವ್ಯಾಕೆ ಆ ಕಡೆ' ಎಂದಳು ಗಿರಿಜಕ್ಕ.

'ಸುಮ್ನಿರು' ಎಂದರು ಜೈನಾಬ್ ಬೀ, ಬೆರಳುಗಳನ್ನು ಊದಿಕೊಳ್ಳುತ್ತಾ. 'ಈ ಕಡೆ ಕೆಲಸ ಇಷ್ಟು ಕಷ್ಟ ಅಂತ ನಂಗೆ ಇವತ್ತೇ ಗೊತ್ತಾಗಿದ್ದು.'